‘ಫಾಂಡ್ಲಿ’: ಅಕ್ಕರೆಯೋ, ಮರುಳೋ?

ಇಂಗ್ಲಿಷಿನ ‘ಫಾಂಡ್ಲಿ’ಗೆ ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಿದರೆ ತಟ್ಟನೆ ಬರುವ ಉತ್ತರ ‘ಪ್ರೀತಿಯಿಂದ’. ಅನೇಕ ಕಡೆ ಈ ಉತ್ತರ ಸರಿಯೇ. ಸರಿಹೋಗದ ಕಡೆ ಮಾತ್ರ ವಾಕ್ಯದ ಅರ್ಥವೇ ತಲೆಕೆಳಗಾಗುತ್ತದೆ. ‘ದೇ ಫಾಂಡ್ಲಿ ಇಮ್ಯಾಜಿನ್ಡ್ ದಟ್ ದ ವಾರ್ ವುಡ್ ಬಿ ಓವರ್ ಇನ್ ಎ ಮಂತ್’ ಎಂಬ ವಾಕ್ಯವನ್ನು ‘ಯುದ್ಧ ಒಂದು ತಿಂಗಳಲ್ಲಿ ಮುಗಿಯುವುದೆಂದು ಅವರು ಪ್ರೀತಿಯಿಂದ ಊಹಿಸಿದರು’ ಎಂದು ಬರೆದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ಇಲ್ಲಿ ಯಾರಿಗೂ ಯಾರ ಮೇಲೂ ಪ್ರೀತಿ ಇಲ್ಲ. ಇಂಗ್ಲಿಷ್ ವಾಕ್ಯ ಹೇಳುತ್ತಿರುವುದು ಬೇರೆ: ಒಂದೇ ತಿಂಗಳಲ್ಲಿ ಯುದ್ಧ ಮುಗಿದೇಹೋಗುತ್ತದೆ ಎಂದು ಪಾಪ ಅವರು ನಂಬಿಕೊಂಡಿದ್ದರು, ಆದರೆ ಹಾಗಾಗಲಿಲ್ಲ.

ಹೀಗೆ ಒಂದೇ ಪದಕ್ಕೆ ಎರಡು ಮುಖ. ಒಂದರಲ್ಲಿ ಅಕ್ಕರೆ, ಇನ್ನೊಂದರಲ್ಲಿ ಹುಸಿ ನಂಬಿಕೆ. ಯಾವ ವಾಕ್ಯದಲ್ಲಿ ಯಾವ ಮುಖ ಎಂದು ಗುರುತಿಸಲು ‘ಫಾಂಡ್ಲಿ’ಯನ್ನೇ ದಿಟ್ಟಿಸುತ್ತ ಕೂತರೆ ಪ್ರಯೋಜನವಿಲ್ಲ, ಅದು ಯಾವ ಕ್ರಿಯಾಪದಕ್ಕೆ ಅಂಟಿಕೊಂಡಿದೆ ಎಂದು ನೋಡಬೇಕು. ನೆನೆಯುವುದು, ನೋಡುವುದು, ನಗುವುದು, ಕರೆಯುವುದು, ಮಾತಾಡುವುದು, ಬೀಳ್ಕೊಡುವುದು ಇವುಗಳ ಜೊತೆ ಬಂದರೆ ಅಕ್ಕರೆ. ಊಹಿಸುವುದು, ಭಾವಿಸುವುದು, ನಂಬುವುದು, ಕನಸು ಕಾಣುವುದು, ಎಣಿಸುವುದು ಇವುಗಳ ಜೊತೆ ಬಂದರೆ ಹುಸಿ ನಂಬಿಕೆ. ಇನ್ನೂ ಸುಲಭದ ಗುರುತು ಬೇಕೆಂದರೆ ಕ್ರಿಯಾಪದದ ಮುಂದೆ ಏನಿದೆ ನೋಡಿ. ಒಬ್ಬ ವ್ಯಕ್ತಿ, ಒಂದು ಊರು, ಒಂದು ಕಾಲ, ಒಂದು ವಸ್ತು ಇದ್ದರೆ ಅಲ್ಲಿರುವುದು ಅಕ್ಕರೆ. ‘ದಟ್’ ಎಂದು ಶುರುವಾಗುವ ಇಡೀ ವಾಕ್ಯವೊಂದು ಇದ್ದರೆ, ಅಂದರೆ ಕನ್ನಡದಲ್ಲಿ ‘ಎಂದು’ ಹಾಕಬೇಕಾದ ಕಡೆ, ಬಹುಮಟ್ಟಿಗೆ ಅದು ಹುಸಿ ನಂಬಿಕೆ. ‘ಎಂದು’ವಿನ ಹಿಂದಿರುವ ಸಂಗತಿ ನಿಜವಲ್ಲ ಎಂಬುದು ಬರೆಯುವವರ ತೀರ್ಮಾನ, ಆ ತೀರ್ಮಾನವನ್ನು ಬಾಯಿಬಿಟ್ಟು ಹೇಳದೆ ‘ಫಾಂಡ್ಲಿ’ಯ ಮೂಲಕ ದಾಟಿಸುತ್ತಾರೆ. ಹಾಗಾಗಿ ಅನುವಾದದಲ್ಲಿ ಆ ಪದವನ್ನು ಕೈಬಿಟ್ಟರೂ ತಪ್ಪಾಗುತ್ತದೆ. ‘ಯುದ್ಧ ಬೇಗ ಮುಗಿಯುತ್ತದೆ ಎಂದು ಅವರು ಊಹಿಸಿದರು’ ಎಂದಷ್ಟೇ ಬರೆದರೆ ಆ ಊಹೆ ಸರಿಯಿತ್ತೋ ಇಲ್ಲವೋ ತಿಳಿಯುವುದಿಲ್ಲ. ಮೂಲದಲ್ಲಿ ಅದು ತಿಳಿಯುತ್ತದೆ.

ಈ ಎರಡು ಗುಂಪಿನ ನಡುವೆ ನಿಲ್ಲುವ ಕ್ರಿಯಾಪದ ಒಂದಿದೆ: ‘ಹೋಪ್’. ಆಶಿಸುವುದರ ಜೊತೆ ‘ಫಾಂಡ್ಲಿ’ ಬಂದಾಗ ಹೇಳುವವರು ಯಾರು, ಕಾಲ ಯಾವುದು ಎರಡನ್ನೂ ನೋಡಬೇಕು. ‘ನಾನು’ ಅಥವಾ ‘ನಾವು’ ಎಂಬ ಕರ್ತೃ, ವರ್ತಮಾನ ಕಾಲ ಇದ್ದರೆ ಅದು ಮನಸಾರೆ ಹಾರೈಸುವುದು. ಕರ್ತೃ ‘ಅವರು’ ಆದರೆ, ಅಥವಾ ಕ್ರಿಯಾಪದ ಭೂತಕಾಲಕ್ಕೆ ಹೋದರೆ, ಆಸೆ ಕೈಗೂಡಲಿಲ್ಲ ಎಂಬ ಸೂಚನೆ ಬಂದುಬಿಡುತ್ತದೆ. ‘ಐ ಫಾಂಡ್ಲಿ ಹೋಪ್ಡ್’ ಎಂದು ಯಾರಾದರೂ ಹೇಳಿದರೆ ಮುಂದಿನ ವಾಕ್ಯ ‘ಬಟ್’ನಿಂದ ಶುರುವಾಗುತ್ತದೆ ಎಂದು ನಿರೀಕ್ಷಿಸಬಹುದು.

ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ ಅಬ್ರಹಾಂ ಲಿಂಕನ್ 1865ರ ಮಾರ್ಚ್ 4ರಂದು, ಎರಡನೇ ಬಾರಿ ಅಧಿಕಾರ ವಹಿಸಿಕೊಂಡಾಗ ಮಾಡಿದ ಭಾಷಣ. ಅಮೆರಿಕದ ಅಂತರ್ಯುದ್ಧ ಇನ್ನೂ ಮುಗಿದಿರಲಿಲ್ಲ. ‘ಫಾಂಡ್ಲಿ ಡೂ ವಿ ಹೋಪ್, ಫರ್ವೆಂಟ್ಲಿ ಡೂ ವಿ ಪ್ರೇ’ ಎಂದು ಅವರು ಹೇಳಿದರು. ಯುದ್ಧವೆಂಬ ಈ ಘೋರ ಪಿಡುಗು ಬೇಗ ತೊಲಗಲಿ ಎಂಬುದು ಆ ಹಾರೈಕೆ. ಕರ್ತೃ ‘ನಾವು’, ಕಾಲ ವರ್ತಮಾನ, ಪಕ್ಕದಲ್ಲೇ ಪ್ರಾರ್ಥನೆ. ಇದನ್ನು ‘ಮರುಳಾಗಿ ಆಶಿಸುತ್ತೇವೆ’ ಎಂದರೆ ದೊಡ್ಡ ಅಪಚಾರ. ಆದರೆ ಮರುವಾಕ್ಯದಲ್ಲೇ ಲಿಂಕನ್, ಯುದ್ಧ ಮುಂದುವರಿಯಬೇಕೆಂಬುದೇ ದೇವರ ಚಿತ್ತವಾದರೆ ಅದೂ ನ್ಯಾಯವೇ ಎನ್ನುತ್ತಾರೆ. ಅಂದರೆ ಆ ಆಸೆ ಈಡೇರದೆ ಹೋಗಬಹುದು ಎಂಬ ಅರಿವು ಅವರಿಗಿತ್ತು. ಹಳೆಯ ಅರ್ಥದ ನೆರಳು ಹಿಂದೆ ಇರುವುದರಿಂದಲೇ ಆ ಮಾತಿಗೆ ಅಷ್ಟು ತೂಕ. ಕನ್ನಡದಲ್ಲಿ ‘ಹಂಬಲಿಸಿ ಹಾರೈಸುತ್ತೇವೆ, ಮನಮರುಗಿ ಬೇಡುತ್ತೇವೆ’ ಎಂಬಂತೆ ತರಬಹುದು. ‘ಹಂಬಲ’ದಲ್ಲಿ ಆಸೆಯ ತೀವ್ರತೆಯೂ ಇದೆ, ಸಿಗದೆ ಹೋದೀತೆಂಬ ಅಳುಕೂ ಇದೆ. ‘ಪ್ರೀತಿಯಿಂದ ಆಶಿಸುತ್ತೇವೆ’ ಎಂಬುದು ಇಲ್ಲಿ ಪೂರ್ತಿ ಸಪ್ಪೆ.

ಹಳೆಯ ಅರ್ಥ ಎಂದೆನಲ್ಲ, ಅದರ ಜಾಡು ಹಿಡಿದರೆ ಎರಡು ಮುಖಗಳ ಒಗಟು ಬಿಡಿಸಿಕೊಳ್ಳುತ್ತದೆ. ‘ಫಾಂಡ್’ ಎಂಬುದಕ್ಕೆ ಮೊದಲಿದ್ದ ಅರ್ಥ ಪ್ರೀತಿಯಲ್ಲ, ಪೆದ್ದುತನ. 14ನೇ ಶತಮಾನದ ಇಂಗ್ಲಿಷಿನಲ್ಲಿ ‘ಫಾನ್’ ಎಂದರೆ ಮೂರ್ಖ, ‘ಫಾನೆನ್’ ಎಂದರೆ ಮೂರ್ಖನಂತೆ ಆಡುವುದು, ‘ಫಾನ್ಡ್’ ಎಂದರೆ ಬುದ್ಧಿಗೆಟ್ಟ. ಅದೇ ಕಾಲದ ಇಂಗ್ಲಿಷ್ ಧರ್ಮಪಂಡಿತ ವಿಕ್ಲಿಫ್‌ನ ಬರಹದಲ್ಲಿ ರುಚಿ ಕಳೆದುಕೊಂಡ ಉಪ್ಪಿಗೂ ಇದೇ ಪದ ಬಳಕೆಯಾಗಿದೆ. ಸಾರಗೆಟ್ಟದ್ದು ಎಂಬುದೇ ಮೊದಲ ಅರ್ಥವಿರಬಹುದು ಎಂಬ ಅಭಿಪ್ರಾಯವೂ ಉಂಟು. ಪೆದ್ದುತನದಿಂದ ‘ಪೆದ್ದುಪೆದ್ದಾಗಿ ಮುದ್ದು ಮಾಡುವ’ ಎಂಬುದಕ್ಕೆ ಬಂದು, ಅಲ್ಲಿಂದ ಪೆದ್ದುತನ ಕಳಚಿ, 16ನೇ ಶತಮಾನ ಮುಗಿಯುವ ಹೊತ್ತಿಗೆ ಬರೀ ‘ಅಕ್ಕರೆಯುಳ್ಳ’ ಎಂಬ ಅರ್ಥವೂ ನೆಲೆಗೊಂಡಿತು. ಆದರೂ ಹಳೆಯದು ತಕ್ಷಣ ಸಾಯಲಿಲ್ಲ. ಶೇಕ್ಸ್‌ಪಿಯರನ ಲಿಯರ್ ದೊರೆ ನಾಲ್ಕನೇ ಅಂಕದಲ್ಲಿ ತನ್ನನ್ನು ‘ಫೂಲಿಷ್ ಫಾಂಡ್ ಓಲ್ಡ್ ಮ್ಯಾನ್’ ಎಂದು ಕರೆದುಕೊಳ್ಳುವಾಗ ಆ ಎರಡು ವಿಶೇಷಣಗಳು ಹೆಚ್ಚುಕಡಿಮೆ ಒಂದನ್ನೇ ಹೇಳುತ್ತಿವೆ: ಬುದ್ಧಿ ಮಂಕಾದ ಮುದುಕ. ‘ಅಕ್ಕರೆಯ ಮುದುಕ’ ಎಂದು ಅನುವಾದಿಸಿದವರು ಇಂದಿನ ಅರ್ಥವನ್ನು ಅಂದಿನ ಮಾತಿಗೆ ಹಚ್ಚಿದಂತೆ. ಮಕ್ಕಳ ಮೇಲಿನ ಕುರುಡು ಪ್ರೀತಿಯೇ ಲಿಯರನ ದುರಂತದ ಬೇರಾದ್ದರಿಂದ ಎರಡನೆಯ ಅರ್ಥವೂ ಹಿಂದೆ ಮಿಡಿಯುತ್ತದೆ, ನಿಜ. ಆದರೂ ಮುಂದೆ ನಿಲ್ಲಬೇಕಾದದ್ದು ಮೊದಲನೆಯದು.

ಕ್ರಿಯಾವಿಶೇಷಣಕ್ಕೇ ಬಂದರೆ, 17ನೇ ಶತಮಾನದ ಇಂಗ್ಲಿಷ್ ಕವಿ ಮಿಲ್ಟನ್ ತನ್ನ ಕುರುಡಿನ ಬಗ್ಗೆ ಬರೆದ ಸಾನೆಟ್ಟು (ಹದಿನಾಲ್ಕು ಸಾಲಿನ ಕವಿತೆ) ಅನುವಾದಕರನ್ನು ಜಾರಿಸುವ ಜಾಗ. ಬೆಳಕನ್ನೇ ಕೊಡದೆ ಹಗಲಿನ ಕೆಲಸವನ್ನು ದೇವರು ಕೇಳುತ್ತಾನೆಯೇ ಎಂದು ಅಲ್ಲಿ ಕವಿ ‘ಫಾಂಡ್ಲಿ’ ಕೇಳುತ್ತಾನೆ. ಇದು ಪ್ರೀತಿಯಿಂದ ಕೇಳಿದ್ದಲ್ಲ, ತಿಳಿಗೇಡಿಯಾಗಿ ಕೇಳಿದ್ದು. ಮುಂದಿನ ಸಾಲುಗಳಲ್ಲಿ ತಾಳ್ಮೆ ಎಂಬುದು ಬಂದು ಆ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದೇ ಅದಕ್ಕಾಗಿ. ‘ಅಳಲಿನಿಂದ ಕೇಳುತ್ತೇನೆ’ ಎಂದು ಬರೆದರೂ ಕವಿತೆಯ ತಿರುವು ಬಿದ್ದುಹೋಗುತ್ತದೆ. ‘ಮರುಳನಂತೆ ಕೇಳುವೆ’ ಎಂಬುದು ಸರಿಯಾದ ಅಳತೆ. 17ನೇ ಶತಮಾನ ಮತ್ತು ಅದಕ್ಕೂ ಹಿಂದಿನ ಇಂಗ್ಲಿಷ್ ಓದುವಾಗ ‘ಫಾಂಡ್’ ಮತ್ತು ‘ಫಾಂಡ್ಲಿ’ ಎದುರಾದರೆ ಮೊದಲು ‘ಮರುಳು’ ಎಂದಿಟ್ಟುಕೊಂಡು ಓದಿ. ಅರ್ಥ ಕೂಡದಿದ್ದರೆ ಮಾತ್ರ ‘ಅಕ್ಕರೆ’ಗೆ ಬನ್ನಿ. ಇಂದಿನ ಬರಹದಲ್ಲಿ ಇದರ ತದ್ವಿರುದ್ಧ.

ಪ್ರೀತಿಗೂ ಬುದ್ಧಿ ಮಂಕಾಗುವುದಕ್ಕೂ ಒಂದೇ ಪದ ಎಂಬುದು ಇಂಗ್ಲಿಷಿನ ವಿಚಿತ್ರವೇನಲ್ಲ. ‘ಡೋಟ್’ ಎಂಬ ಇಂಗ್ಲಿಷ್ ಕ್ರಿಯಾಪದವೂ ಇದೇ ದಾರಿಯಲ್ಲಿ ನಡೆದಿದೆ; ಅರಳುಮರಳು ಎಂಬ ಅರ್ಥದ ‘ಡೋಟೇಜ್’ ಅದರದೇ ಕುಡಿ. ನಮ್ಮಲ್ಲಿ ‘ಮೋಹ’ವನ್ನೇ ನೋಡಿ. ಸಂಸ್ಕೃತದ ‘ಮುಹ್’ ಧಾತುವಿಗೆ ದಿಕ್ಕುಗೆಡು, ಭ್ರಮೆಗೊಳ್ಳು ಎಂದು ಅರ್ಥ. ಅದರಿಂದ ಬಂದ ‘ಮೋಹ’ಕ್ಕೆ ಶಾಸ್ತ್ರಗ್ರಂಥಗಳಲ್ಲಿ ಇಂದಿಗೂ ಅಜ್ಞಾನ, ಭ್ರಾಂತಿ ಎಂಬ ಅರ್ಥವೇ, ಮಾತಿನಲ್ಲಿ ಮಾತ್ರ ‘ಮಕ್ಕಳ ಮೇಲಿನ ಮೋಹ’, ‘ಊರಿನ ಮೋಹ’ ಎಂದು ಅತಿಯಾದ ಪ್ರೀತಿ. ಅದೇ ಧಾತುವಿನ ‘ಮುಗ್ಧ’ ಇನ್ನೂ ದೂರ ಬಂದಿದೆ: ಮೊದಲು ದಿಗ್ಭ್ರಮೆಗೊಂಡ, ಪೆದ್ದ, ಈಗ ಕಪಟವರಿಯದ, ಮುಗ್ಧ ಮಗುವಿನ ಮುಗ್ಧ. ಅಚ್ಚಗನ್ನಡದ ‘ಮರುಳು’ ಎರಡು ಅರ್ಥವನ್ನೂ ಒಟ್ಟಿಗೆ ಹೊತ್ತಿದೆ: ‘ಅವನೊಬ್ಬ ಮರುಳ’ ಎಂದರೆ ಬುದ್ಧಿಯಿಲ್ಲದವನು, ‘ಅವಳ ದನಿಗೆ ಮರುಳಾದ’ ಎಂದರೆ ಮನಸೋತ. ‘ಹುಚ್ಚು’ ಕೂಡ ಹಾಗೆಯೇ. ಓದಿನ ಹುಚ್ಚು, ಸಂಗೀತದ ಹುಚ್ಚು ಎಂದಾಗ ಯಾರೂ ವೈದ್ಯರನ್ನು ಕರೆಯುವುದಿಲ್ಲ. ಆದ್ದರಿಂದ ‘ಫಾಂಡ್ಲಿ’ಯ ಎರಡು ಮುಖ ಕನ್ನಡದವರಿಗೆ ಅಪರಿಚಿತವಾಗಬೇಕಿಲ್ಲ. ತೊಂದರೆಯಿರುವುದು ಎರಡನ್ನೂ ಒಂದೇ ಕ್ರಿಯಾವಿಶೇಷಣದಲ್ಲಿ ಹಿಡಿಯುವ ಪದ ನಮ್ಮಲ್ಲಿ ಇಲ್ಲದಿರುವುದರಲ್ಲಿ. ‘ಮೋಹದಿಂದ’ ಎಂದರೆ ಕಾಮದ ಛಾಯೆ ಬರುತ್ತದೆ, ‘ಮರುಳಾಗಿ’ ಎಂದರೆ ಅಕ್ಕರೆ ಉಳಿಯುವುದಿಲ್ಲ.

ಹುಸಿ ನಂಬಿಕೆಯ ಮುಖಕ್ಕೆ ಕನ್ನಡದಲ್ಲಿ ಪ್ರತ್ಯೇಕ ಪದವನ್ನೇ ಹುಡುಕಬೇಕೆಂದಿಲ್ಲ. ಅನುವಾದಕರು ‘ಮೂರ್ಖತನದಿಂದ’, ‘ಭ್ರಮಾಪೂರ್ವಕವಾಗಿ’ ಎಂದೆಲ್ಲ ಬರೆಯುತ್ತಾರೆ. ಎರಡೂ ವಿಪರೀತ ಗಡುಸು. ‘ಫಾಂಡ್ಲಿ’ಯಲ್ಲಿ ಬೈಗುಳವಿಲ್ಲ, ಕನಿಕರ ಬೆರೆತ ಟೀಕೆ ಇದೆ. ಆ ಹದವನ್ನು ಕನ್ನಡ ಕ್ರಿಯಾಪದದ ಬಾಲದಲ್ಲೇ ಇಟ್ಟುಕೊಂಡಿದೆ. ‘ನಂಬಿದ್ದರು’ ಮತ್ತು ‘ನಂಬಿಕೊಂಡಿದ್ದರು’ ಇವೆರಡನ್ನು ಬದಿಬದಿಯಲ್ಲಿಟ್ಟು ಓದಿ. ‘ಅವನು ಬರುತ್ತಾನೆ ಎಂದು ನಂಬಿದ್ದರು’ ಎಂದರೆ ಬಂದಿರಲೂಬಹುದು. ‘ಬರುತ್ತಾನೆ ಎಂದು ನಂಬಿಕೊಂಡಿದ್ದರು’ ಎಂದರೆ ಬರಲಿಲ್ಲ ಎಂದು ಅರ್ಧ ಹೇಳಿದಂತಾಯಿತು. ತನಗೆ ತಾನೇ ಮಾಡಿಕೊಂಡದ್ದು ಎಂದು ಸೂಚಿಸುವ ಆ ‘ಕೊಳ್ಳು’ವೇ ‘ಫಾಂಡ್ಲಿ’ಯ ಕೆಲಸ ಮಾಡುತ್ತದೆ. ಅದಕ್ಕೆ ಒತ್ತಿನ ‘ಏ’ ಸೇರಿಸಿದರೆ, ‘ಬಂದೇ ಬರುತ್ತಾನೆ ಎಂದು ನಂಬಿಕೊಂಡಿದ್ದರು’, ಇನ್ನೂ ಖಚಿತ. ವಾಕ್ಯದ ತಲೆಯಲ್ಲಿ ಒಂದು ‘ಪಾಪ’ ಬಂದರೆ ಕನಿಕರವೂ ಬಂತು. ಮೂರನ್ನೂ ಒಟ್ಟಿಗೆ ಹಾಕುವುದು ಹೆಚ್ಚಾಗುತ್ತದೆ. ಗಂಭೀರ ಗದ್ಯಕ್ಕೆ ‘ಕೊಳ್ಳು’ ಮತ್ತು ‘ಏ’ ಸಾಕು, ಕತೆಯ ಧಾಟಿಗೆ ‘ಪಾಪ’ ಒಪ್ಪುತ್ತದೆ. ಹಾಗೆಯೇ ‘ಭಾವಿಸಿದರು’ ಬೇಡ, ‘ಅಂದುಕೊಂಡರು’ ಬರಲಿ. ‘ಭಾವಿಸು’ವಿನಲ್ಲಿ ನಿಜ ಸುಳ್ಳುಗಳ ಸುಳಿವಿಲ್ಲ, ‘ಅಂದುಕೊಳ್ಳು’ವಿನಲ್ಲಿ ಇದೆ.

ಕನಸು ಕಾಣುವ ಬಗೆಯ ವಾಕ್ಯಗಳಿಗೆ ನುಡಿಗಟ್ಟುಗಳೇ ಇವೆ. ‘ದೇ ಫಾಂಡ್ಲಿ ಡ್ರೆಮ್ಟ್ ಆಫ್ ರಿಚಸ್’ ಎಂಬುದಕ್ಕೆ ‘ಸಿರಿವಂತರಾಗುವ ಸವಿಗನಸು ಕಾಣುತ್ತಿದ್ದರು’ ಎಂಬುದು ಮೆದುವಾದ ಅನುವಾದ. ಟೀಕೆ ಹೆಚ್ಚಿದ್ದರೆ ‘ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದರು’. ಎರಡನೆಯದು ಆಡುಮಾತಿನ ಬರಹಕ್ಕೆ ಸರಿ, ವರದಿಗೆ ಅಲ್ಲ. ‘ಫಾಂಡ್ ಹೋಪ್’ ಎಂಬ ನಾಮಪದ ರೂಪಕ್ಕೆ ‘ಬಯಲಾಸೆ’ ಎಂಬ ಚೆಂದದ ಮಾತು ಇದೆ, ಈಗ ಬಳಕೆ ಕಡಿಮೆ. ‘ಹುಸಿಯಾಸೆ’ ಕೂಡ ಆಗಬಹುದು, ಆದರೆ ಅದರಲ್ಲಿ ಇನ್ಯಾರೋ ತೋರಿಸಿದ ಆಸೆ ಎಂಬ ಅರ್ಥವೂ ಇಣುಕುತ್ತದೆ. ‘ಫಾಂಡ್ ಹೋಪ್’ ಒಳಗಿನಿಂದಲೇ ಹುಟ್ಟಿದ್ದು.

ಇನ್ನು ಅಕ್ಕರೆಯ ಮುಖ. ಇಲ್ಲಿ ಪದಗಳ ಕೊರತೆಯಿಲ್ಲ; ಹೆಚ್ಚಾಗಿರುವುದೇ ಕಷ್ಟ. ಮೊದಲು ‘ಫಾಂಡ್ಲಿ’ಯ ಪ್ರೀತಿ ಎಂಥದು ಎಂದು ಗೊತ್ತುಮಾಡಿಕೊಳ್ಳಬೇಕು. ಅದು ಉಕ್ಕುವ ಪ್ರೀತಿಯಲ್ಲ, ಹದವಾಗಿ ಬೆಚ್ಚಗಿರುವ ಪ್ರೀತಿ. ಹಳೆಯ ಪರಿಚಯ, ಒಡನಾಟ, ಕಳೆದ ಕಾಲ ಇವುಗಳ ಜೊತೆ ಅದರ ನಂಟು ಹೆಚ್ಚು. ಪ್ರೀತಿಸಲ್ಪಡುವವರು ಎದುರಿಗೆ ಇರಬೇಕೆಂದೇನೂ ಇಲ್ಲ. ಊರನ್ನೂ ಹಳೆಯ ಶಾಲೆಯನ್ನೂ ಕೆಟ್ಟುನಿಂತ ಸೈಕಲ್ಲನ್ನೂ ‘ಫಾಂಡ್ಲಿ’ ನೆನೆಯಬಹುದು. ಅವುಗಳ ಕುಂದುಕೊರತೆ ಗೊತ್ತಿದ್ದೂ ಮೆಚ್ಚಿಕೊಳ್ಳುವ ಸಹನೆ ಅದರಲ್ಲಿ ಇರುತ್ತದೆ. ಇದಕ್ಕೆ ‘ಅತೀವ ಪ್ರೇಮದಿಂದ’ ಎಂದರೆ ತೂಕ ತಪ್ಪುತ್ತದೆ.

ಈ ಅಳತೆಗೆ ಅತಿ ಹತ್ತಿರದ ಕನ್ನಡ ಪದ, ನನ್ನ ತೀರ್ಮಾನದಲ್ಲಿ, ‘ಅಕ್ಕರೆ’. ಅದು ವ್ಯಕ್ತಿಗೂ ಸಲ್ಲುತ್ತದೆ, ವಸ್ತುವಿಗೂ ಸಲ್ಲುತ್ತದೆ, ಅಬ್ಬರವಿಲ್ಲ, ಪ್ರಣಯದ ಸೋಂಕಿಲ್ಲ. (ಇದೇ ಪದ ತಮಿಳಿನಲ್ಲಿ ‘ಅಕ್ಕರೈ’ ಎಂದಾದಾಗ ಕಾಳಜಿ, ಆಸ್ಥೆ, ತೆಲುಗಿನಲ್ಲಿ ‘ಅಕ್ಕರ’ ಎಂದರೆ ಅಗತ್ಯ. ನೆರೆಯ ನುಡಿಗಳನ್ನು ಬಲ್ಲವರು ಬೆರೆಸಿಬಿಡದಂತೆ ಎಚ್ಚರ ವಹಿಸಬೇಕು.) ‘ಪ್ರೀತಿಯಿಂದ’ ಎಲ್ಲೆಡೆ ಸಲ್ಲುವ ನಾಣ್ಯ, ತಪ್ಪಾಗುವುದಿಲ್ಲ, ಆದರೆ ಬಣ್ಣವೂ ಇಲ್ಲ. ‘ವಾತ್ಸಲ್ಯ’ ಹಿರಿಯರಿಂದ ಕಿರಿಯರಿಗೆ ಮಾತ್ರ. ‘ವತ್ಸ’ ಎಂದರೆ ಕರು, ಹಸು ಕರುವಿಗೆ ತೋರುವ ಪ್ರೀತಿಯೇ ಅದರ ಮೂಲ. ಹಾಗಾಗಿ ಶಿಷ್ಯರು ಗುರುವನ್ನು ‘ವಾತ್ಸಲ್ಯದಿಂದ ನೆನೆದರು’ ಎಂದು ಬರೆಯುವುದು ತಪ್ಪು; ದಿನಪತ್ರಿಕೆಗಳಲ್ಲೂ ಈ ತಪ್ಪು ಕಣ್ಣಿಗೆ ಬೀಳುತ್ತದೆ. ‘ಮಮತೆ’ ‘ನನ್ನದು’ ಎಂಬ ಭಾವದಿಂದ ಹುಟ್ಟಿದ್ದು. ಮನೆಯವರಿಗೆ, ಸಾಕಿದವರಿಗೆ ಸರಿ, ದೂರದ ಪರಿಚಯಕ್ಕೆ ಹೊಂದದು. ‘ಒಲವು’ ಪ್ರಣಯದ ಕಡೆಗೋ ಅಭಿರುಚಿಯ ಕಡೆಗೋ ವಾಲುತ್ತದೆ. ‘ಅಭಿಮಾನ’ದಲ್ಲಿ ಹೆಮ್ಮೆ ಬೆರೆತಿದೆ, ಕಲಾವಿದರು, ನಾಯಕರು, ಊರು, ಭಾಷೆ ಇಂಥವಕ್ಕೆ ಒಪ್ಪುತ್ತದೆ. ‘ಕಕ್ಕುಲಾತಿ’ಯಲ್ಲಿ ಕಳವಳ ಸೇರಿದೆ; ಮಗುವಿಗೆ ಜ್ವರ ಬಂದಾಗ ತಾಯಿ ನೋಡುವುದು ಕಕ್ಕುಲಾತಿಯಿಂದ, ಹಳೆಯ ಫೋಟೊ ನೋಡುವುದು ಅಕ್ಕರೆಯಿಂದ.

ಮರೆತುಹೋಗುತ್ತಿರುವ ಇನ್ನೊಂದು ಪದ ‘ವಿಶ್ವಾಸ’. ಬರಹದಲ್ಲಿ ಅದು ನಂಬಿಕೆ ಎಂಬ ಅರ್ಥಕ್ಕೇ ಮೀಸಲಾಗುತ್ತಿದೆ, ಆದರೆ ಮಾತಿನಲ್ಲಿ ‘ತುಂಬ ವಿಶ್ವಾಸದಿಂದ ಮಾತಾಡಿಸಿದರು’, ‘ನಮ್ಮ ಮೇಲೆ ಬಹಳ ವಿಶ್ವಾಸ’ ಎಂದಾಗ ಅದು ಸ್ನೇಹ ಬೆರೆತ ಪ್ರೀತಿ. ಬೆಳೆದವರ ನಡುವಿನ ‘ಫಾಂಡ್ಲಿ’ಗೆ, ಅದರಲ್ಲೂ ‘ಸ್ಪೋಕ್ ಫಾಂಡ್ಲಿ ಆಫ್’ ಎಂಬುದಕ್ಕೆ, ಇದು ಬಹಳ ಸೊಗಸಾಗಿ ಕೂಡುತ್ತದೆ: ‘ಹಳೆಯ ಸಹೋದ್ಯೋಗಿಗಳ ಬಗ್ಗೆ ವಿಶ್ವಾಸದಿಂದ ಮಾತಾಡಿದರು’. ಸುತ್ತಲಿನ ವಾಕ್ಯಗಳಲ್ಲಿ ನಂಬಿಕೆಯ ಮಾತು ಇದ್ದರೆ ಮಾತ್ರ ಗೊಂದಲವಾದೀತು. ಆಗ ‘ಪ್ರೀತಿ ವಿಶ್ವಾಸದಿಂದ’ ಎಂದು ಜೋಡಿ ಮಾಡಿದರೆ ತೀರಿತು.

ಪದ ಸರಿಯಿದ್ದೂ ಪ್ರತ್ಯಯದಲ್ಲಿ ಎಡವುವುದುಂಟು. ಇಂಗ್ಲಿಷಿನ ‘-ಲಿ’ ಕಂಡಕೂಡಲೇ ‘-ಆಗಿ’ ಹಚ್ಚುವ ಅಭ್ಯಾಸ ಇದಕ್ಕೆ ಕಾರಣ. ಭಾವವಾಚಕಗಳಿಗೆ ಸಾಮಾನ್ಯವಾಗಿ ಹೊಂದುವುದು ‘-ಇಂದ’: ಅಕ್ಕರೆಯಿಂದ, ಪ್ರೀತಿಯಿಂದ, ಮಮತೆಯಿಂದ. ‘ಪ್ರೀತಿಯಾಗಿ ನೆನೆದರು’ ಎಂಬುದು ಕಿವಿಗೆ ಒರಟು. ‘ಮುದ್ದು’ ವಿಷಯದಲ್ಲಂತೂ ಪ್ರತ್ಯಯ ಬದಲಾದರೆ ಅರ್ಥವೇ ಬೇರೆ. ‘ಮುದ್ದಾಗಿ ಕರೆಯಿತು’ ಎಂದರೆ ಕರೆದ ಮಗುವೇ ಮುದ್ದು. ‘ಮುದ್ದಿನಿಂದ ಕರೆದಳು’ ಎಂದರೆ ಕರೆಸಿಕೊಂಡವರ ಮೇಲೆ ಮುದ್ದು. ‘ಫಾಂಡ್ಲಿ’ಗೆ ಎರಡನೆಯದೇ ಬೇಕು. ‘ಪ್ರೀತಿಪೂರ್ವಕವಾಗಿ’ ಎಂಬುದು ಆಮಂತ್ರಣಪತ್ರದ ಭಾಷೆ. ಮನುಷ್ಯರು ಪರಸ್ಪರ ನೋಡಿ ನಗುವ ವಾಕ್ಯದಲ್ಲಿ ಅದಕ್ಕೆ ಜಾಗವಿಲ್ಲ.

ಕ್ರಿಯಾವಿಶೇಷಣವನ್ನೇ ಬಿಟ್ಟು ಬೇರೆ ದಾರಿ ಹಿಡಿಯುವುದು ಎಷ್ಟೋ ಸಲ ಉತ್ತಮ. ‘ಶಿ ಲುಕ್ಡ್ ಅಟ್ ಹಿಮ್ ಫಾಂಡ್ಲಿ’ಯನ್ನು ‘ಅವಳು ಅವನನ್ನು ಅಕ್ಕರೆಯಿಂದ ನೋಡಿದಳು’ ಎಂದರೆ ಸರಿ, ‘ಅವಳ ನೋಟದಲ್ಲಿ ಅಕ್ಕರೆಯಿತ್ತು’ ಎಂದರೆ ಇನ್ನೂ ಸರಿ. ಭಾವವನ್ನು ಕ್ರಿಯೆಯ ರೀತಿಯಾಗಿ ಹೇಳುವುದಕ್ಕಿಂತ ಅದು ಎಲ್ಲಿತ್ತು ಎಂದು ಹೇಳುವುದು, ಕಣ್ಣಲ್ಲಿ, ದನಿಯಲ್ಲಿ, ಮುಖದಲ್ಲಿ, ಕನ್ನಡಕ್ಕೆ ಹತ್ತಿರ. ‘ರಿಮೆಂಬರ್ ಫಾಂಡ್ಲಿ’ಗೆ ‘ಪ್ರೀತಿಯಿಂದ ನೆನೆಯುತ್ತಾರೆ’ ಆಗುತ್ತದೆ. ‘ನೆನೆಸಿಕೊಳ್ಳುತ್ತಾರೆ’ ಎಂದಾಗ ತಮ್ಮೊಳಗೇ ಮೆಲುಕು ಹಾಕುವ ಧ್ವನಿ ತಾನಾಗಿ ಸೇರುವುದರಿಂದ ಕೆಲವೊಮ್ಮೆ ‘ಪ್ರೀತಿಯಿಂದ’ವೂ ಬೇಡ. ‘ಸ್ಮರಿಸುತ್ತಾರೆ’ ಎಂದರೆ ವ್ಯಕ್ತಿ ತೀರಿಹೋಗಿದ್ದಾರೆ ಎಂಬ ಭಾವನೆ ಬರುತ್ತದೆ. ಬದುಕಿರುವವರ ಬಗ್ಗೆ, ಊರುಬಿಟ್ಟವರ ಬಗ್ಗೆ, ನಿವೃತ್ತರಾದವರ ಬಗ್ಗೆ ಬರೆಯುವಾಗ ಅದನ್ನು ಬಳಸಬಾರದು. ಇದು ಸಣ್ಣ ವಿಷಯವಲ್ಲ, ಓದಿದವರು ಗಾಬರಿಯಾಗುತ್ತಾರೆ.

‘ಫಾಂಡ್ಲಿ ನೋನ್ ಆ್ಯಸ್’, ‘ಫಾಂಡ್ಲಿ ಕಾಲ್ಡ್’ ಎಂಬ ಪ್ರಯೋಗಗಳು ಭಾರತದ ಇಂಗ್ಲಿಷಿನಲ್ಲಿ ವಿಪುಲ. ಬ್ರಿಟನ್ನಿನ ಬರಹದಲ್ಲಿ ಇದೇ ಜಾಗಕ್ಕೆ ‘ಅಫೆಕ್ಷನೇಟ್ಲಿ ನೋನ್ ಆ್ಯಸ್’ ಹೆಚ್ಚು ರೂಢಿ, ಎರಡೂ ಶುದ್ಧವೇ. ಕನ್ನಡದಲ್ಲಿ ಗಮನಿಸಬೇಕಾದದ್ದು ಇದು ‘ಪಾಪ್ಯುಲರ್ಲಿ ನೋನ್ ಆ್ಯಸ್’ಗಿಂತ ಬೇರೆ ಎಂಬುದು. ಎರಡನೆಯದು ‘ಎಂದೇ ಹೆಸರಾದ’, ‘ಎಂದೇ ಪ್ರಸಿದ್ಧ’. ಅಲ್ಲಿ ಪ್ರೀತಿ ಇರಲೇಬೇಕೆಂದಿಲ್ಲ. ಮೊದಲನೆಯದಕ್ಕೆ ಪ್ರೀತಿ ಬೇಕು: ‘ಗಾಂಧೀಜಿಯವರನ್ನು ಜನ ಪ್ರೀತಿಯಿಂದ ಬಾಪು ಎಂದು ಕರೆಯುತ್ತಿದ್ದರು’. ಇಂಗ್ಲಿಷ್ ಕರ್ಮಣಿಯನ್ನು ಹಾಗೇ ಎತ್ತಿ ‘ಪ್ರೀತಿಯಿಂದ ಬಾಪು ಎಂದು ಕರೆಯಲ್ಪಡುತ್ತಿದ್ದ ಗಾಂಧೀಜಿ’ ಎಂದರೆ ಪ್ರೀತಿಸಿದವರು ಯಾರೆಂಬುದೇ ಮಾಯ. ‘ಜನ’ ಎಂಬ ಕರ್ತೃವನ್ನು ಹೊರಗೆ ತಂದಾಗಲೇ ‘ಪ್ರೀತಿಯಿಂದ’ಗೆ ಆಸರೆ. ‘ಜನರ ಪ್ರೀತಿಯ ಬಾಪು’ ಎಂದು ಮೂರೇ ಪದದಲ್ಲಿ ಮುಗಿಸಿದರೂ ಅರ್ಥ ಪೂರ್ತಿ ಬರುತ್ತದೆ.

ಒಂದೇ ಬಳಗದ ಇತರ ಕ್ರಿಯಾವಿಶೇಷಣಗಳನ್ನು ಇದರೊಡನೆ ಕಲಸಬಾರದು. ‘ಅಫೆಕ್ಷನೇಟ್ಲಿ’ ಹೊರಗೆ ಕಾಣುವ ಪ್ರೀತಿ: ಬೆನ್ನು ತಟ್ಟುವುದು, ತಲೆ ನೇವರಿಸುವುದು. ‘ಟೆಂಡರ್ಲಿ’ಯಲ್ಲಿ ಸ್ಪರ್ಶದ ಮೃದುತ್ವ ಮುಖ್ಯ, ಗಾಯಕ್ಕೆ ಪಟ್ಟಿ ಕಟ್ಟುವುದೂ ‘ಟೆಂಡರ್ಲಿ’ ಆಗಬಹುದು. ‘ಮೆಲ್ಲಗೆ’, ‘ನವಿರಾಗಿ’ ಎಂಬುವು ಅದಕ್ಕೆ ಹತ್ತಿರ. ‘ಲವಿಂಗ್ಲಿ’ಗೆ ಗಾಢ ಪ್ರೀತಿಯ ಜೊತೆಗೆ ಇನ್ನೊಂದು ಬಳಕೆಯಿದೆ: ‘ಲವಿಂಗ್ಲಿ ರಿಸ್ಟೋರ್ಡ್’ ಎಂದು ಹಳೆಯ ಕಟ್ಟಡದ ಬಗ್ಗೆ ಹೇಳಿದಾಗ ಅದು ಮುತುವರ್ಜಿ, ಆಸ್ಥೆ. ಅಲ್ಲಿ ‘ಫಾಂಡ್ಲಿ’ ಹಾಕಲು ಬರುವುದಿಲ್ಲ. ‘ಡೋಟಿಂಗ್ಲಿ’ ಮಿತಿ ಮೀರಿದ ಮುದ್ದು.

ಹೆಚ್ಚು ಎಡವಟ್ಟಾಗುವುದು ‘ಡಿಯರ್ಲಿ’ಯಲ್ಲಿ. ‘ಐ ಲವ್ ಹರ್ ಡಿಯರ್ಲಿ’ ಸರಿ. ‘ಐ ಲವ್ ಹರ್ ಫಾಂಡ್ಲಿ’ ಇಂದಿನ ಇಂಗ್ಲಿಷಿಗೆ ಒಗ್ಗದು, ಏಕೆಂದರೆ ‘ಫಾಂಡ್ಲಿ’ ಪ್ರೀತಿಯ ಅಳತೆ ಹೇಳುವ ಪದವಲ್ಲ, ಬೇರೊಂದು ಕೆಲಸಕ್ಕೆ ಪ್ರೀತಿಯ ಬಣ್ಣ ಹಚ್ಚುವ ಪದ. ‘ಡಿಯರ್ಲಿ’ ಅಳತೆ ಹೇಳುತ್ತದೆ. ‘ವುಡ್ ಡಿಯರ್ಲಿ ಲವ್ ಟು’ ಎಂದರೆ ತುಂಬ ಆಸೆ ಎಂದಷ್ಟೇ. ಆದರೆ ‘ಪೇ’ ಮತ್ತು ‘ಕಾಸ್ಟ್’ ಜೊತೆ ಬಂದರೆ ಅದರ ಅರ್ಥ ಬೆಲೆಯ ಕಡೆಗೆ ತಿರುಗುತ್ತದೆ: ‘ದಟ್ ಮಿಸ್ಟೇಕ್ ಕಾಸ್ಟ್ ದೆಮ್ ಡಿಯರ್ಲಿ’ ಎಂದರೆ ಆ ತಪ್ಪಿಗೆ ಅವರು ಭಾರಿ ಬೆಲೆ ತೆತ್ತರು. ‘ಡಿಯರ್’ಗೆ ಪ್ರಿಯ, ದುಬಾರಿ ಎರಡೂ ಅರ್ಥವಿರುವುದೇ ಕಾರಣ, ತೆಲುಗಿನಲ್ಲಿ ‘ಪ್ರಿಯಂ’ ಎಂಬುದಕ್ಕೂ ಈ ಎರಡು ಅರ್ಥ ಇವೆ. ಇಲ್ಲಿಯೂ ಕ್ರಿಯಾಪದವೇ ದಾರಿ ತೋರಿಸಬೇಕು.

ಪತ್ರದ ಕೊನೆಯಲ್ಲಿ ಬರುವ ‘ಫಾಂಡ್ಲಿ’ ‘ಲವ್’ಗಿಂತ ಒಂದು ಹೆಜ್ಜೆ ದೂರ, ‘ರಿಗಾರ್ಡ್ಸ್’ಗಿಂತ ಬಹಳ ಹತ್ತಿರ. ಹಳೆಯ ಗೆಳೆಯರಿಗೆ, ಆತ್ಮೀಯ ಬಂಧುಗಳಿಗೆ ಬರೆಯಬಹುದು. ಕಚೇರಿಯ ಪತ್ರಕ್ಕೆ, ಈಗಷ್ಟೇ ಪರಿಚಯವಾದವರಿಗೆ ಸಲ್ಲದು. ಕನ್ನಡ ಪತ್ರ ಕ್ರಿಯಾವಿಶೇಷಣದಲ್ಲಿ ಮುಗಿಯುವುದಿಲ್ಲ, ನಂಟನ್ನು ಹೇಳುವ ಮಾತಿನಲ್ಲಿ ಮುಗಿಯುತ್ತದೆ: ‘ಇಂತಿ ನಿನ್ನ ಪ್ರೀತಿಯ’ ಎಂದು ಬರೆದು ಹೆಸರು ಅಥವಾ ಸಂಬಂಧ. ‘ಪ್ರೀತಿಯಿಂದ’ ಎಂದು ಬರೆದು ಅಲ್ಪವಿರಾಮ ಹಾಕುವ ಹೊಸ ರೂಢಿ ಈಗ ಚೆನ್ನಾಗಿಯೇ ಬೇರೂರಿದೆ, ಅದನ್ನು ತಪ್ಪೆನ್ನಲಾಗದು. ಹಿರಿಯರಿಗೆ ಬರೆಯುವಾಗ ಮಾತ್ರ ಬರಿಯ ‘ಪ್ರೀತಿಯಿಂದ’ ಸ್ವಲ್ಪ ಸಲುಗೆಯೆನಿಸುತ್ತದೆ. ‘ಆದರ ಪ್ರೀತಿಗಳೊಂದಿಗೆ’ ಎಂದರೆ ಹದ.

ಕೊನೆಗೆ ವಿಶೇಷಣದ ಕಡೆ ಆಗುವ ಕೆಲವು ತಪ್ಪುಗಳು. ‘ಫಾಂಡ್’ ಆದಮೇಲೆ ‘ಆಫ್’ ಬರಬೇಕು, ಅದರ ಮುಂದೆ ನಾಮಪದವೋ ‘-ಇಂಗ್’ ರೂಪವೋ ಬರಬೇಕು. ‘ಫಾಂಡ್ ಟು ರೀಡ್’ ತಪ್ಪು, ‘ಫಾಂಡ್ ಆಫ್ ರೀಡಿಂಗ್’ ಸರಿ. ಇದನ್ನು ‘ಓದುವುದೆಂದರೆ ಅಚ್ಚುಮೆಚ್ಚು’ ಎನ್ನಬಹುದು. ‘ಫಾಂಡ್ ಆಫ್ ಸೇಯಿಂಗ್’ ಎಂದಾಗ ಇಷ್ಟಕ್ಕಿಂತ ಚಾಳಿ ಮುಖ್ಯ: ‘ಆ ಮಾತನ್ನು ಅವರು ಆಗಾಗ ಹೇಳುತ್ತಲೇ ಇರುತ್ತಾರೆ’. ‘ಫಾಂಡಲ್’ ಇದೇ ಬೇರಿನ ಕ್ರಿಯಾಪದವಾದರೂ ಇಂದು ಮೈಮುಟ್ಟುವುದಕ್ಕೆ, ಎಷ್ಟೋ ಕಡೆ ಅಸಭ್ಯವಾಗಿ ಮುಟ್ಟುವುದಕ್ಕೆ, ನ್ಯಾಯಾಲಯದ ವರದಿಗಳಲ್ಲಿ ಬರುವ ಪದ. ‘ಮುದ್ದಿಸು’ ಎಂಬ ಅರ್ಥ ನಿಘಂಟಿನಲ್ಲಿದೆ ಎಂದು ಮಗುವಿನ ವಿಷಯದಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬಳಸಲೇಬಾರದು. ಅಲ್ಲಿ ‘ಕಡಲ್’ ಎನ್ನಬೇಕು.